ಹಳ್ಳಿಯ ಹಳೆ ಮನೆ ಉಳಿಸಿಕೊಳ್ಳಬೇಕು ಅನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನ ಹಳೆ ಮನೆಯ ಬಗ್ಗೆ ನಾಲ್ಕು ಸಾಲು ಬರೆದರೆ ಸಾಕು, ಫೋನಿಗೆ ಫೋಟೊಗಳು ಬರೋಕೆ ಶುರುವಾಗುತ್ತವೆ. ಬಿರುಕು ಬಿಟ್ಟ ಗೋಡೆ, ಜರುಗಿದ ಹೆಂಚು, ಒರಲೆ ತಿಂದ ಕಂಬ. ಜೊತೆಗೆ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಎಂಜಿನಿಯರ್ ಅಲ್ಲ, ವಕೀಲನೂ ಅಲ್ಲ. ನಟ್ಟನಡುವೆ ತೆರೆದ ಅಂಗಳವಿರುವ ತೊಟ್ಟಿ ಮನೆಯಲ್ಲಿ ಬೆಳೆದು, ಅದನ್ನು ಅರ್ಧ ಕೆಡಿಸಿ, ಆಮೇಲೆ ಸರಿಮಾಡಲು ಒದ್ದಾಡಿದವನು.

ನಮ್ಮದು ಅರಮನೆಯೇನೂ ಅಲ್ಲ, ಸಾಧಾರಣ ಮಣ್ಣಿನ ಮನೆ. ಅದನ್ನೂ ಪಾರಂಪರಿಕ ಅನ್ನಬಹುದಾ?

ಧಾರಾಳವಾಗಿ ಅನ್ನಬಹುದು. ದೇಗುಲ, ಕೋಟೆ ಕಟ್ಟಿದ್ದು ರಾಜರ ದುಡ್ಡಿನಿಂದ. ಹಳ್ಳಿ ಮನೆ ಕಟ್ಟಿದ್ದು ಕೈಗೆ ಸಿಕ್ಕಿದ ಮಣ್ಣು, ಕಲ್ಲು, ಮರದಿಂದ. ಹಾಗಾಗಿ ಆ ಊರಿನ ಮಳೆ ಎಷ್ಟು, ಬಿಸಿಲು ಎಷ್ಟು, ಮನೆಯವರು ಏನು ಬೆಳೆಯುತ್ತಿದ್ದರು ಅನ್ನುವುದೆಲ್ಲ ಅದರ ಆಕಾರದಲ್ಲೇ ಗೊತ್ತಾಗುತ್ತದೆ.

ಮಲೆನಾಡಿನ ಮನೆ ನೋಡಿ. ಆಗುಂಬೆ ಸೀಮೆಯ ಮಳೆಗೆ ಇಳಿಜಾರು ಮಾಡು ಬೇಕು, ಸೂರು ಗೋಡೆಯಿಂದ ಸಾಕಷ್ಟು ಮುಂದೆ ಚಾಚಬೇಕು, ಅಡಕೆ ಒಣಗಿಸಲು ದೊಡ್ಡ ಅಂಗಳ ಬೇಕು, ಬಂದವರು ಕೂರಲು ಜಗಲಿ ಬೇಕು. ಬಿಜಾಪುರ, ಬಾಗಲಕೋಟೆ ಕಡೆಗೆ ಹೋದರೆ ಎಲ್ಲ ತಿರುವುಮುರುವು. ಮಳೆ ಕಡಿಮೆ, ಬಿಸಿಲು ಜಾಸ್ತಿ. ದಪ್ಪ ಗೋಡೆ, ಮಟ್ಟಸವಾದ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಬೆಳಕಿಂಡಿ, ಕಾಳು ತುಂಬಲು ಹಗೇವು. ಬಾಗಿಲು ದಾಟಿದರೆ ಮೊದಲು ದನದ ಕೊಟ್ಟಿಗೆ, ಅದಕ್ಕಿಂತ ಎತ್ತರದಲ್ಲಿ ಪಡಸಾಲಿ. ಹಳೇ ಮೈಸೂರು ಕಡೆ ತೊಟ್ಟಿ ಮನೆ, ತುಳುನಾಡಿನಲ್ಲಿ ಗುತ್ತಿನ ಮನೆಯ ಚಾವಡಿ, ಕೊಡಗಿನಲ್ಲಿ ಇಡೀ ಒಕ್ಕಕ್ಕೆ (ಕುಲಕ್ಕೆ) ಸೇರಿದ ಐನ್‌ಮನೆ. ಐನ್‌ಮನೆಯ ಮುಂದಿನ ಕಂಬಗಳ ನಡುವೆ ಕೂರಲು ಹಾಕಿರುವ ಒಂದೇ ಹಲಗೆಯ ‘ಐಮರ’ ಒಂದನ್ನೇ ಅರ್ಧ ದಿನ ನೋಡುತ್ತ ಕೂರಬಹುದು.

ಹಳಬರು ಮನೆಯನ್ನು ಚದರಡಿಯಲ್ಲಿ ಅಳೆಯುತ್ತಿರಲಿಲ್ಲ, ‘ಹನ್ನೆರಡಂಕಣದ ಮನೆ’ ಅನ್ನುತ್ತಿದ್ದರು. ಕಂಬದಿಂದ ಕಂಬಕ್ಕಿರುವ ಜಾಗ ಒಂದು ಅಂಕಣ. ಹೆಣ್ಣು ಕೊಡುವವರೂ ಅಂಕಣ ಎಣಿಸಿಯೇ ಕೊಡುತ್ತಿದ್ದರಂತೆ!

ನಮ್ಮ ಮನೆಯ ಹೆಂಚಿನ ಮೇಲೆ 1865 ಅಂತ ಇದೆ. ಹಾಗಾದರೆ ಮನೆಗೆ 150 ವರ್ಷ ದಾಟಿದೆ, ಅಲ್ವಾ?

ಇಲ್ಲ. ನನ್ನ ಹತ್ತಿರ ಬರುವ ಫೋಟೊಗಳಲ್ಲಿ ಇದೇ ಜಾಸ್ತಿ! ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ 1865. ಆಮೇಲೆ ಸುಟ್ಟ ಹೆಂಚಿನ ಮೇಲೂ ಅದೇ ವರ್ಷವನ್ನು ಅಚ್ಚೊತ್ತಿದರು. ಅದು ಕಾರ್ಖಾನೆಯ ಹುಟ್ಟಿದ ದಿನ, ನಿಮ್ಮ ಮನೆಯದ್ದಲ್ಲ. ‘ಕಾಮನ್‌ವೆಲ್ತ್’ ಅಂತ ಹೆಸರಿದ್ದರೆ ಆ ಹೆಂಚು ಮೊದಲ ಮಹಾಯುದ್ಧದ ನಂತರದ್ದು. ಯುದ್ಧದ ಹೊತ್ತಿಗೆ ಬ್ರಿಟಿಷರು ಮಿಷನ್ನಿನ ಉದ್ದಿಮೆಗಳನ್ನು ವಶಕ್ಕೆ ತೆಗೆದುಕೊಂಡರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು.

ಇನ್ನೊಂದು ವಿಷಯ. ಹೆಂಚು ಹೊಸದಾಗಿದ್ದು ಗೋಡೆ ಹಳೆಯದಾಗಿರಬಹುದು. ಎಷ್ಟೋ ಮನೆಗಳಿಗೆ ಮೊದಲು ಸೋಗೆ ಅಥವಾ ಹುಲ್ಲಿನ ಹೊದಿಕೆ ಇತ್ತು, ಆಮೇಲೆ ಕುಂಬಾರರು ಮಾಡಿದ ನಾಡಹೆಂಚು, ಆಮೇಲೆ ಮಂಗಳೂರು ಹೆಂಚು ಬಂತು. ಹಾಗಾಗಿ ಹೆಂಚಿನ ಜೊತೆ ಬಾಗಿಲ ಚೌಕಟ್ಟು ನೋಡಿ. ಕಮ್ಮಾರ ಬಡಿದು ಮಾಡಿದ ಚೌಕ ಮೊಳೆ ಇದೆಯಾ, ಕಾರ್ಖಾನೆಯ ದುಂಡು ಮೊಳೆ ಇದೆಯಾ? ಹಳೆ ಪಾಲುಪಟ್ಟಿ, ಕ್ರಯಪತ್ರ ಹುಡುಕಿ, ಅದರಲ್ಲಿ ಮನೆಯ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆದಿರುತ್ತಾರೆ. ಕೆಂಪಗೆ ಹೊಳೆಯುವ ರೆಡ್ ಆಕ್ಸೈಡ್ ನೆಲ ನೋಡಿ ‘ಮುತ್ತಾತನ ಕಾಲದ್ದು’ ಅನ್ನಬೇಡಿ. ಅದರಲ್ಲಿರುವುದು ಸಿಮೆಂಟು. ಅಜ್ಜನ ಕಾಲದ್ದು ಅಂದರೆ ಒಪ್ಪಬಹುದು.

ನೂರು ವರ್ಷ ದಾಟಿದ ಮನೆಗೆ ಸರ್ಕಾರದ ರಕ್ಷಣೆ ತಾನಾಗೇ ಸಿಗುತ್ತದಾ?

ಸಿಗುವುದಿಲ್ಲ. ತುಂಬ ಜನ ಹೀಗೇ ನಂಬಿದ್ದಾರೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರಾಚೀನ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆ ಇದೆ, 1961ರ ಕರ್ನಾಟಕದ ಕಾಯ್ದೆ ಇದೆ. ಎರಡರಲ್ಲೂ ನೂರು ವರ್ಷದ ಮಾತು ಬರುತ್ತದೆ ನಿಜ. ಆದರೆ ನೂರು ತುಂಬಿದ್ದಕ್ಕೇ ರಕ್ಷಣೆ ಇಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿ ‘ಇದು ಸಂರಕ್ಷಿತ’ ಅಂತ ಘೋಷಿಸಬೇಕು. ಇಡೀ ದೇಶದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು 3,600ಕ್ಕೂ ಸ್ವಲ್ಪ ಜಾಸ್ತಿ, ಅಷ್ಟೇ. ಅದರಲ್ಲಿ ಗುಡಿ, ಮಸೀದಿ, ಕೋಟೆ, ಗೋರಿ, ಶಾಸನಗಳದ್ದೇ ಪಾರುಪತ್ಯ. ಜನ ಇನ್ನೂ ಅಡುಗೆ ಮಾಡಿಕೊಂಡಿರುವ ಮನೆಗೆ ಅಲ್ಲಿ ಜಾಗ ಸಿಗುವುದು ಅಪರೂಪ.

ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ‘ಪಾರಂಪರಿಕ ಕಟ್ಟಡ’ ಅನ್ನುವ ಮಾತಿದೆ. ಮೈಸೂರಿನಂಥ ಊರುಗಳಲ್ಲಿ ಅದರ ಸುತ್ತ ಸಮಿತಿ, ಪಟ್ಟಿ ಎಲ್ಲ ಇವೆ. ಆದರೆ ಆ ಏರ್ಪಾಡು ಇರುವುದು ಯೋಜನಾ ಪ್ರದೇಶಗಳಿಗೆ. ದೂರದ ಹಳ್ಳಿಯ ತೊಟ್ಟಿ ಮನೆ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಪರಂಪರೆ ಉಳಿಸುವ ಕೆಲಸಕ್ಕಾಗಿ 1984ರಲ್ಲಿ ಶುರುವಾದ ಇಂಟ್ಯಾಕ್ ಸಂಸ್ಥೆ ಹೀಗೆ ಯಾವ ರಕ್ಷಣೆಯೂ ಇಲ್ಲದ ಕಟ್ಟಡಗಳಿಗಾಗಿಯೇ 2004ರಲ್ಲಿ ಒಂದು ಸನ್ನದು ಹೊರತಂದಿತು. ಊರಿನ ಕುಶಲಕರ್ಮಿಗಳ ಹಳೆ ವಿಧಾನ ಇನ್ನೂ ಬದುಕಿದ್ದರೆ ಅದಕ್ಕೇ ಮೊದಲ ಮಣೆ ಹಾಕಿ ಅನ್ನುವುದು ಅದರ ಮುಖ್ಯ ಮಾತು. ಇಂಟ್ಯಾಕ್‌ನವರು ಹಳೆ ಕಟ್ಟಡಗಳ ಪಟ್ಟಿಯನ್ನೂ ಮಾಡುತ್ತಾರೆ. ಅದರಲ್ಲಿ ನಿಮ್ಮ ಮನೆಯ ಹೆಸರು ಬಂದರೆ ಗೌರವ, ದಾಖಲೆ ಎರಡೂ ಸಿಕ್ಕಂತೆ. ಆದರೆ ಕಾನೂನಿನ ಬಲ ಅದಕ್ಕಿಲ್ಲ. ನಾಳೆ ನೀವೇ ಜೆಸಿಬಿ ತರಿಸಿದರೆ ಆ ಪಟ್ಟಿ ತಡೆಯುವುದಿಲ್ಲ.

ಹಾಗಾಗಿ ಹಳ್ಳಿ ಮನೆಯನ್ನು ಕಾಯುವುದು ಮೂರೇ: ಒಳಗೆ ಜನ ಇರುವುದು, ಮಾಡು ಸೋರದಿರುವುದು, ಪಾಲುದಾರರು ಒಂದು ಮಾತಿಗೆ ಬರುವುದು. ಮೂರನೆಯದೇ ಕಷ್ಟ, ಅದು ಆಮೇಲೆ.

ಕುಪ್ಪಳಿಯ ಕವಿಮನೆ ಉಳಿದಿದೆಯಲ್ಲ?

ಉಳಿದಿದೆ, ಚೆನ್ನಾಗಿಯೂ ಇದೆ. ತೀರ್ಥಹಳ್ಳಿ ಕಡೆ ಹೋದವರು ನೋಡದೆ ಬರಬೇಡಿ. ಮಲೆನಾಡಿನ ಚೌಕಿ ಮನೆ ಒಳಗಿನಿಂದ ಹೇಗಿರುತ್ತದೆ ಅಂತ ಯಾರಿಗಾದರೂ ತೋರಿಸಬೇಕಾದರೆ ನಾನು ಕಳಿಸುವುದು ಅಲ್ಲಿಗೇ. ಆದರೆ ಅದು ಉಳಿದದ್ದು ಕುವೆಂಪು ಬೆಳೆದ ಮನೆ ಅನ್ನುವ ಕಾರಣಕ್ಕೆ, ಒಂದು ಪ್ರತಿಷ್ಠಾನ ಅದರ ಹಿಂದೆ ನಿಂತ ಕಾರಣಕ್ಕೆ. ಪ್ರತಿ ಮನೆಯಲ್ಲೂ ಒಬ್ಬ ರಾಷ್ಟ್ರಕವಿ ಹುಟ್ಟಬೇಕು ಅಂದರೆ ಆಗುತ್ತದಾ?

ನಮ್ಮ ಮನೆ ಒಂದು ಹಳೆ ಗುಡಿಯ ಪಕ್ಕದಲ್ಲಿದೆ. ಒಂದು ಇಟ್ಟಿಗೆಯನ್ನೂ ಅಲುಗಿಸಬಾರದು ಅನ್ನುತ್ತಾರೆ. ನಿಜವಾ?

ಅರ್ಧ ನಿಜ. ಆ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದರೆ, 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅದರ ಸುತ್ತ 100 ಮೀಟರ್ ‘ನಿಷೇಧಿತ’, ಅದರಾಚೆ ಇನ್ನೂ 200 ಮೀಟರ್ ‘ನಿಯಂತ್ರಿತ’ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯನ್ನು ರಿಪೇರಿ ಮಾಡಿಕೊಳ್ಳಬಹುದು. ಸುಮ್ನೆ ಶುರುಮಾಡುವಂತಿಲ್ಲ, ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ನಿಯಂತ್ರಿತ ಪ್ರದೇಶದಲ್ಲಿ ಹೊಸದು ಕಟ್ಟುವುದಕ್ಕೂ ಅನುಮತಿ ಬೇಕು. ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ.

ಐಹೊಳೆ, ಪಟ್ಟದಕಲ್ಲಿನಂಥ ಊರುಗಳ ಗೋಳು ಇದೇ. ಐಹೊಳೆಯಲ್ಲಂತೂ ಒಂದು ಕಾಲಕ್ಕೆ ಜನ ಗುಡಿಗಳ ಒಳಗೇ ಸಂಸಾರ ಹೂಡಿದ್ದರು. ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ವಾಸವಾಗಿದ್ದವನಿಂದ. ಹಂಪಿಯ ಸುತ್ತಲಿನ ಹಳ್ಳಿಗಳಿಗೆ ಇನ್ನೊಂದು ಪದರ ಜಾಸ್ತಿ. ಅಲ್ಲಿಗೆ ಅಂತಲೇ 2002ರ ಪ್ರತ್ಯೇಕ ಕಾಯ್ದೆ, ಪ್ರತ್ಯೇಕ ಪ್ರಾಧಿಕಾರ ಇದೆ.

ನನ್ನ ಅನಿಸಿಕೆ ಕೇಳಿದರೆ, ಗುಡಿಯನ್ನು ಕಾಯುವ ಕಾನೂನಿಗೆ ಗುಡಿಯ ಜೊತೆ ಬೆಳೆದ ಊರು ಕಾಣುವುದೇ ಇಲ್ಲ. ಹಳೆ ಮನೆಯ ಸೂರು ದುರಸ್ತಿ ಮಾಡುವವನೂ ಮೂರಂತಸ್ತಿನ ಲಾಡ್ಜ್ ಎತ್ತುವವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಮಣ್ಣಿನ ಗೋಡೆ ಉದುರುತ್ತಿದೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿಬಿಡಲಾ?

ದಯವಿಟ್ಟು ಬೇಡ. ಇದಕ್ಕೆ ನಮ್ಮ ಮನೆಯ ಕಥೆ ಹೇಳಲೇಬೇಕು.

ಮಳೆ ಎರಚಲು ಬಡಿದು ನಮ್ಮ ಹೊರಗೋಡೆಯ ಬುಡ ಸವೆದಿತ್ತು. ಅಪ್ಪ ಮೇಸ್ತ್ರಿಯೊಬ್ಬರನ್ನು ಕರೆಸಿ ನೆಲದಿಂದ ಮೂರಡಿ ಎತ್ತರಕ್ಕೆ ಸಿಮೆಂಟ್ ಮೆತ್ತಿಸಿದರು. ‘ಇನ್ನು ಐವತ್ತು ವರ್ಷ ತಿರುಗಿ ನೋಡೋದು ಬೇಡ’ ಅಂದರು ಮೇಸ್ತ್ರಿ. ಮೂರು ಮಳೆಗಾಲ ಏನೂ ಆಗಲಿಲ್ಲ. ನಾಲ್ಕನೆಯ ವರ್ಷ ಒಳಗಡೆ ದೇವರ ಕೋಣೆಯ ಗೋಡೆಯಲ್ಲಿ ಬಿಳಿ ಉಪ್ಪು ಎದ್ದಿತು. ಹೊರಗಿನ ಸಿಮೆಂಟನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು. ಒಂದು ಬೇಸಿಗೆಯಲ್ಲಿ ಹಾರೆ ತುದಿ ಇಟ್ಟು ಮೆಲ್ಲಗೆ ಮೀಟಿದೆ. ಮೇಜಿನಗಲದ ಒಂದು ಚಕ್ಕೆ ಹಾಗೇ ಕಳಚಿ ಕೈಗೆ ಬಂತು. ಹಿಂದಿದ್ದ ಮಣ್ಣು ಮಾರ್ಚ್ ತಿಂಗಳಲ್ಲೂ ಒದ್ದೆ! ಹಿಡಿದರೆ ಕಲಸಿದ ಹಿಟ್ಟಿನ ಹಾಗೆ ಬೆರಳ ಗುರುತು ಮೂಡುತ್ತಿತ್ತು. ಚಕ್ಕೆಯ ಬೆನ್ನಿಗೆ ಒರಲೆ ದಾರಿ, ನದಿಗಳ ನಕ್ಷೆ ಬರೆದಂತೆ.

ಆಗಿದ್ದು ಇಷ್ಟೇ. ಮಣ್ಣಿನ ಗೋಡೆ ನೆಲದಿಂದ, ಮಳೆಯಿಂದ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಮೆತ್ತಿದರೆ ನೀರು ಒಳಗೆ ಹೋಗುವುದು ನಿಲ್ಲುವುದಿಲ್ಲ, ಹೊರಗೆ ಬರುವುದು ನಿಲ್ಲುತ್ತದೆ. ಆ ನೀರು ಮೇಲೇರುತ್ತದೆ, ಇಲ್ಲವೇ ಒಳಮಗ್ಗುಲಿಗೆ ಬರುತ್ತದೆ. ಪ್ಲಾಸ್ಟಿಕ್ ಪೇಂಟ್ ಬಳಿದರೂ ಇದೇ ಪಾಡು.

ನಾವು ಸಿಮೆಂಟ್ ಪೂರ್ತಿ ಕಿತ್ತು, ಒಂದು ಬೇಸಿಗೆ ಗೋಡೆಯನ್ನು ಬಿಸಿಲಿಗೆ ಬಿಟ್ಟು, ಹೊಟ್ಟು ಬೆರೆಸಿ ಕೊಳೆಹಾಕಿದ ಮಣ್ಣಿನ ಗಿಲಾವು ಮಾಡಿ, ಮೇಲೆ ಸುಣ್ಣ ಬಳಿದೆವು. ಈಗ ವರ್ಷಕ್ಕೊಮ್ಮೆ ದೀಪಾವಳಿ ಮುಂಚೆ ಸುಣ್ಣ. ಅಷ್ಟು ಮಾಡಿದರೆ ಸಾಕಾಗಿದೆ.

ಇನ್ನೊಂದು ಕಾರಣವನ್ನು ಯಾರೂ ಗಮನಿಸುವುದಿಲ್ಲ. ಊರಿನ ಕಾಂಕ್ರೀಟ್ ರಸ್ತೆಯನ್ನು ಒಂದರ ಮೇಲೊಂದು ಪದರ ಹಾಕಿ ಎತ್ತರಿಸುತ್ತಲೇ ಹೋಗುತ್ತಾರೆ. ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗಲಿ ಈಗ ರಸ್ತೆಯ ಮಟ್ಟಕ್ಕಿದೆ. ಬೀದಿಯ ನೀರು ನೇರ ಗೋಡೆಯ ಬುಡಕ್ಕೆ. ಗೋಡೆ ರಿಪೇರಿಗೆ ಮೊದಲು ಮನೆ ಸುತ್ತ ಚರಂಡಿ ತೋಡಿ. ಮಣ್ಣಿನ ಗೋಡೆಗೆ ಬೀಳುವ ಮಳೆಗಿಂತ ನಿಂತ ನೀರೇ ದೊಡ್ಡ ಶತ್ರು.

ಸುಣ್ಣದ ಗಾರೆ ಹೇಗೆ ಮಾಡುವುದು? ಬೆಲ್ಲ, ಮೊಟ್ಟೆ ಎಲ್ಲ ಹಾಕಬೇಕಂತೆ?

ಮೊಟ್ಟೆಯ ಕಥೆಯನ್ನು ಪ್ರತಿ ಊರಲ್ಲೂ ಹೇಳುತ್ತಾರೆ. ನಿಮಗೆ ಅದರ ಗೊಡವೆ ಬೇಡ. ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಿ ಅರಳಿಸಬೇಕು. ಕರಾವಳಿಯಲ್ಲಾದರೆ ಚಿಪ್ಪಿನ ಸುಣ್ಣ. ಹಾಕಿದಾಗ ಅದು ಕೊತಕೊತ ಕುದಿಯುತ್ತದೆ, ಮುಖ ಬಗ್ಗಿಸಿ ನೋಡಬೇಡಿ, ಕಣ್ಣು ಹೋದೀತು. ಮಕ್ಕಳನ್ನು ದೂರ ಇಡಿ. ಹೀಗೆ ಅರಳಿದ ಸುಣ್ಣ ನೀರಿನಡಿಯಲ್ಲಿ ಕೆಲವು ವಾರ ಕೂತರೆ ಬೆಣ್ಣೆಯಂತಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು, ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಸಿದ ನೀರು. ಹಿಂದೆ ಇದನ್ನು ಎತ್ತು ಕಟ್ಟಿ ಕಲ್ಲಿನ ದೋಣಿಯಲ್ಲಿ ಅರೆಯುತ್ತಿದ್ದರು. ಮೆತ್ತಿದ ಮೇಲೆ ಬೇಗ ಒಣಗಲು ಬಿಡಬಾರದು, ದಿನಗಟ್ಟಲೆ ನೀರು ಚಿಮುಕಿಸುತ್ತಿರಬೇಕು.

ಗಾರೆ ಸಿಮೆಂಟಿನ ಹಾಗೆ ಮರುದಿನವೇ ಗಟ್ಟಿಯಾಗುವುದಿಲ್ಲ. ಮೇಸ್ತ್ರಿಗಳು ಬೇಡ ಅನ್ನುವುದು ಅದಕ್ಕೇ. ಊರಲ್ಲಿ ಗಾರೆ ಕೆಲಸ ಗೊತ್ತಿರುವ ಒಬ್ಬ ಮುದುಕರಿದ್ದರೂ ಅವರನ್ನು ಕುರ್ಚಿ ಹಾಕಿ ಕೂರಿಸಿ, ಹುಡುಗರ ಕೈಲಿ ಮಾಡಿಸಿ.

ಗೋಡೆ ಮೇಲೆ ಕೆಂಪು ಬಿಳಿ ಚಿತ್ತಾರ ಇದೆ. ಮಸುಕಾಗಿದೆ, ಹೊಸ ಬಣ್ಣ ತುಂಬಿಸಬಹುದಾ?

ಮೊದಲು ಅದು ಯಾವುದು ನೋಡಿ. ಉತ್ತರ ಕನ್ನಡ, ಗೋವಾ ಕಡೆಯ ಕಾವಿ ಕಲೆಯಾದರೆ ಅದು ಬಣ್ಣ ಬಳಿದ ಚಿತ್ರವೇ ಅಲ್ಲ. ಸುಣ್ಣದ ಗಿಲಾವಿನ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿಯಿರುವಾಗಲೇ ಕೆರೆದು ಕೆಳಗಿನ ಬಿಳಿ ಕಾಣಿಸಿದ್ದು. ಅದರ ಮೇಲೆ ಪೇಂಟ್ ಹಚ್ಚಿದರೆ ಮುಗಿಯಿತು ಕಥೆ. ಒಣಬಟ್ಟೆಯಿಂದ ಧೂಳು ಒರೆಸಿ ಸುಮ್ಮನಿರಿ, ತಿಳಿದವರನ್ನು ಕರೆಸಿ.

ಸಾಗರ, ಸೊರಬ ಕಡೆ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರವಾದರೆ ವಿಷಯ ಬೇರೆ. ಅದು ಮತ್ತೆ ಮತ್ತೆ ಬರೆಯಬೇಕಾದ ಕಲೆ. ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಬರೆಯುವ ಅಕ್ಕಂದಿರು ಇನ್ನೂ ಇದ್ದಾರೆ, ಅವರ ಕೈಯಲ್ಲೇ ಬರೆಸಿ.

ಹೆಂಚು ತೆಗೆದು ತಗಡು ಹಾಕಿಸಿದರೆ?

ಮಂಗನ ಕಾಟ ತಡೆಯಲಾರದೆ ಹಾಕಿಸಿದವರನ್ನು ನಾನು ಬೈಯುವುದಿಲ್ಲ. ಮುರಿದ ಹೆಂಚಿಗಿಂತ ಸೋರದ ತಗಡು ವಾಸಿ. ಆದರೆ ಬೇಸಿಗೆಯಲ್ಲಿ ಕಾವು, ಮಳೆಗಾಲದಲ್ಲಿ ಸದ್ದು, ಅದಕ್ಕೆ ತಯಾರಿರಿ. ತೆಗೆದ ಹೆಂಚನ್ನು ಮಾರಬೇಡಿ, ಕೊಟ್ಟಿಗೆ ಹಿಂದೆ ಜೋಡಿಸಿಡಿ.

ಹೆಂಚೇ ಇರಲಿ ಅನ್ನುವವರು ವರ್ಷಕ್ಕೊಮ್ಮೆ, ಯುಗಾದಿ ಕಳೆದು ಮಳೆ ಬರುವ ಮುಂಚೆ, ಹೆಂಚು ಕೈಯಾಡಿಸಬೇಕು. ಒಡೆದದ್ದು ಬದಲಿಸಿ, ತರಗೆಲೆ ತೆಗೆದು, ಜರುಗಿದ್ದನ್ನು ಮೇಲೆ ತಳ್ಳುವ ಕೆಲಸ. ಒಂದು ಹೆಂಚು ಒಡೆದರೆ ಮೊದಲು ರೀಪು (ಹೆಂಚು ಕೂರುವ ಮರದ ಪಟ್ಟಿ) ಕೊಳೆಯುತ್ತದೆ, ಆಮೇಲೆ ಅದನ್ನು ಹೊತ್ತ ಪಕಾಸು, ಆಮೇಲೆ ತೊಲೆಯ ತುದಿ. ತೊಲೆ ಕೂತರೆ ಗೋಡೆ ವಾಲುತ್ತದೆ. ಮಾಳಿಗೆ ಮನೆಯವರು ಅದೇ ಹೊತ್ತಿಗೆ ಚೌಳು ಮಣ್ಣು ಹಾಕಬೇಕು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರೂ ಬೇಗ ಇಳಿಯುವುದಿಲ್ಲ. ಮಣ್ಣಿನ ಗೋಡೆ ಮೇಲೆ ಕಾಂಕ್ರೀಟ್ ತಾರಸಿ ಹಾಕುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಮರಕ್ಕೆ ಮೊದಲು ಇಲ್ಲದ ಹುಳ ಈಗ ಯಾಕೆ?

ಒಲೆ ಆರಿದ್ದಕ್ಕೆ. ಸೌದೆ ಒಲೆಯ ಹೊಗೆ ಅಟ್ಟ ಹತ್ತಿ, ಮರಕ್ಕೆ ಮಸಿ ಹಿಡಿಸಿ, ಹುಳವನ್ನು ದೂರ ಇಡುತ್ತಿತ್ತು. ಗ್ಯಾಸ್ ಬಂತು, ಹೊಗೆ ಹೋಯಿತು. ಅಮ್ಮಂದಿರ ಕಣ್ಣು, ಎದೆ ಉಳಿಯಿತಲ್ಲ, ಅದಕ್ಕೆ ಬೇಜಾರಿಲ್ಲ. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ರೂಢಿ ಕರಾವಳಿಯಲ್ಲಿದೆ, ಕೆಲಸಕ್ಕೆ ಬರುತ್ತದೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಜೋಪಾನ. ಬೀಗ ಹಾಕಿದ ಮನೆಗೆ ಯಾವ ಎಣ್ಣೆಯೂ ಸಾಲದು.

ಟಾಯ್ಲೆಟ್, ಒಳ್ಳೆ ಅಡುಗೆಮನೆ ಬೇಡವಾ? ವಸ್ತುಸಂಗ್ರಹಾಲಯದಲ್ಲಿ ಬದುಕೋಕಾಗುತ್ತಾ?

ಖಂಡಿತ ಬೇಕು. ಅಜ್ಜಿ ಮಳೆಯಲ್ಲಿ ಹಿತ್ತಲಿಗೆ ಹೋಗಬೇಕು ಅನ್ನುವ ಪರಂಪರೆ ಯಾರಿಗೂ ಬೇಡ. ನೀರಿನ ಕೆಲಸವನ್ನೆಲ್ಲ ಹಿಂಬದಿಯಲ್ಲಿ, ಹಳೆ ಗೋಡೆಗೆ ತಾಗದ ಹಾಗೆ ಬೇರೆ ಗೋಡೆ ಎಬ್ಬಿಸಿ ಮಾಡಿ. ಮಣ್ಣಿನ ಗೋಡೆಯೊಳಗೆ ಪೈಪ್ ಹೂಳಬೇಡಿ. ಹಳೆ ವೈರಿಂಗ್ ಮಾತ್ರ ಇವತ್ತೇ ಬದಲಿಸಿ.

ಹಳೆ ಕಂಬ, ಬಾಗಿಲು ಕೊಳ್ಳುವವರು ಬಂದಿದ್ದಾರೆ. ಕೊಡಬಹುದಾ?

ಬರುತ್ತಾರೆ, ವ್ಯಾನ್ ಸಮೇತ. ಕೆತ್ತನೆ ಬಾಗಿಲಿಗೆ ಅವರು ಕೊಡುವ ದುಡ್ಡು ಕೇಳಿ ಕಣ್ಣರಳುತ್ತದೆ. ನಗರದಲ್ಲಿ ಅದರ ಬೆಲೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ, ಕಟ್ಟಡದಿಂದ ಕಿತ್ತ ವಸ್ತುವಿಗೆ ನೂರು ವರ್ಷ ತುಂಬಿದ್ದರೆ ಅದೂ ಪ್ರಾಚ್ಯವಸ್ತುವೇ. ಅದರ ವ್ಯಾಪಾರ ಮಾಡುವವನಿಗೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಮೊದಲು ಪರವಾನಗಿ ತೋರಿಸಿ ಅನ್ನಿ. ಎಷ್ಟೋ ಸಲ ವ್ಯಾನ್ ಅಲ್ಲೇ ತಿರುಗುತ್ತದೆ.

ಅಣ್ಣತಮ್ಮಂದಿರು ಒಪ್ಪುತ್ತಿಲ್ಲ. ಏನು ಮಾಡಲಿ?

ಹಳೆ ಮನೆಗಳನ್ನು ಮಳೆಗಿಂತ ಜಾಸ್ತಿ ಕೆಡವಿದ್ದು ಪಾಲು. ತೊಟ್ಟಿಯ ನಟ್ಟನಡುವೆ ಇಟ್ಟಿಗೆ ಗೋಡೆ ಎದ್ದ ಮನೆಯನ್ನು ನೋಡಿದ್ದೇನೆ. ಗೋಡೆಯ ಈಚೆ ತುಳಸಿಕಟ್ಟೆ, ಆಚೆ ಬಾವಿ. ನೀರು ಹಾಕಬೇಕಾದರೆ ಬೀದಿ ಸುತ್ತಿ ಬರಬೇಕು!

ಮೊದಲು ಖಾತೆ ಯಾರ ಹೆಸರಲ್ಲಿದೆ ನೋಡಿ. ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಯಾವ ಸಾಲವೂ ಹುಟ್ಟುವುದಿಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣಾದ (ಊರೊಳಗಿನ ವಸತಿ ಜಾಗದ) ಮನೆಗಳನ್ನು ಅಳೆಯುತ್ತಿದ್ದಾರೆ. ನಿಮ್ಮ ಊರಿಗೆ ಬಂದಾಗ ನೀವು ಅಲ್ಲಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು, ಹಾಗಾಗಿ ಅಕ್ಕತಂಗಿಯರನ್ನು ಕೂರಿಸಿಕೊಂಡೇ ಮಾತಾಡಿ. ನನ್ನ ಅನುಭವದಲ್ಲಿ ಮನೆ ಉಳಿಯಲಿ ಅನ್ನುವವರು ಹೆಚ್ಚಾಗಿ ಅವರೇ.

ಕೊಡಗಿನ ಕೆಲವು ಒಕ್ಕಗಳ ದಾರಿ ನನಗೆ ಇಷ್ಟ. ಯಾರೂ ಅಲ್ಲಿ ಕಾಯಂ ಇರದಿದ್ದರೂ ಐನ್‌ಮನೆ ಎಲ್ಲರದ್ದು. ಖರ್ಚು ಹಂಚಿಕೊಂಡು ರಿಪೇರಿ ಮಾಡಿಸುತ್ತಾರೆ, ಪುತ್ತರಿಗೆ ಎಲ್ಲರೂ ಅಲ್ಲಿ ಸೇರುತ್ತಾರೆ.

ಮನೆಯನ್ನು ಬಿಚ್ಚಿ ಬೇರೆಡೆ ಕಟ್ಟಬಹುದಂತೆ?

ಆಗುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಅದನ್ನೇ ಮಾಡಿದರು. ಕೆಡವಲು ಹೊರಟ ಮನೆಗಳನ್ನು ಕೊಂಡು, ಬಿಚ್ಚಿ, ‘ಹಸ್ತಶಿಲ್ಪ’ ಅನ್ನುವ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆಯಿಂದ ಕುಕನೂರಿನ ಕಮಲ ಮಹಲ್‌ವರೆಗೆ ಅಲ್ಲಿದೆ. ಚೆನ್ನೈ ಹತ್ತಿರ 1996ರಲ್ಲಿ ತೆರೆದ ‘ದಕ್ಷಿಣಚಿತ್ರ’ ವಸ್ತುಸಂಗ್ರಹಾಲಯದಲ್ಲಿ ಇಳಕಲ್ಲಿನ ನೇಕಾರರ ಮನೆ, ಚಿಕ್ಕಮಗಳೂರಿನ ಮನೆ ಇವೆ. ಕೆಲಸ ಅದ್ಭುತ. ಆದರೆ ಮರ ಬರುತ್ತದೆ, ಕಲ್ಲು ಬರುತ್ತದೆ, ಊರು ಬರುವುದಿಲ್ಲ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಇದು.

ಹೋಂಸ್ಟೇ ಮಾಡಿದರೆ ಖರ್ಚು ಹುಟ್ಟುತ್ತದಾ?

ಮಾಡಿನ ಖರ್ಚು ಹುಟ್ಟಬಹುದು. ಹಂಪಿ ಹತ್ತಿರದ ಆನೆಗೊಂದಿಯಲ್ಲಿ ಹಳೆ ಮನೆಗಳನ್ನೇ ಸರಿಮಾಡಿ ಅತಿಥಿಗಳಿಗೆ ಕೊಡುತ್ತಿದ್ದಾರೆ, ಹೋಗಿ ನೋಡಿ ಬನ್ನಿ. ಪ್ರತಿ ಕೋಣೆಗೂ ಬಾತ್‌ರೂಮ್ ತುರುಕಬೇಡಿ. ತೊಟ್ಟಿಗೆ ಗಾಜಿನ ಮುಚ್ಚಳ ಹಾಕಬೇಡಿ, ಬಿಸಿಗಾಳಿ ಹೊರಹೋಗುವ ದಾರಿ ಅದೊಂದೇ.

ಎಲ್ಲ ಪ್ರಯತ್ನ ಮಾಡಿದೆವು, ಕೆಡವಲೇಬೇಕಾಗಿದೆ. ಈಗೇನು?

ನಾಲ್ಕು ದಿನ ತಡೆಯಿರಿ. ಟೇಪು ಹಿಡಿದು ಅಂಕಣ ಅಂಕಣವಾಗಿ ಅಳೆದು ಹಾಳೆ ಮೇಲೆ ನಕ್ಷೆ ಬರೆಯಿರಿ. ಗೋಡೆ ಎಷ್ಟು ದಪ್ಪ, ಬಾಗಿಲು ಎಷ್ಟು ಗಿಡ್ಡ ಎಲ್ಲ ಬರಲಿ. ಪ್ರತಿ ಕೋಣೆಯ ನಾಲ್ಕು ಮೂಲೆಯಿಂದ ಫೋಟೊ ತೆಗೆಯಿರಿ. ಮಾಡಿನ ಒಳಭಾಗ, ತೊಲೆ ಕಂಬಕ್ಕೆ ಕೂತ ಜಾಗದ ಬೋದಿಗೆ, ಹೊಸ್ತಿಲು ಮರೆಯಬೇಡಿ. ಅಲ್ಲೇ ಹುಟ್ಟಿದ ಹಿರಿಯರನ್ನು ಕರೆತಂದು ಒಳಗೆ ಓಡಾಡಿಸಿ, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ. ಬಾಣಂತಿ ಕೋಣೆ ಯಾವುದು, ಹಗೇವು ಎಲ್ಲಿತ್ತು, ಯಾವ ಕಂಬಕ್ಕೆ ಮಜ್ಜಿಗೆ ಕಡೆಯುವ ಹಗ್ಗ ಕಟ್ಟುತ್ತಿದ್ದರು ಅಂತ ಕೇಳಿ. ಆ ಕಂಬದಲ್ಲಿ ಹಗ್ಗ ಉಜ್ಜಿದ ಗೀರು ಇನ್ನೂ ಇರುತ್ತದೆ, ಸೊಂಟದ ಎತ್ತರದಲ್ಲಿ ಕೈಯಾಡಿಸಿ ನೋಡಿ. ಹೆಂಚು, ಮರ ಇಳಿಸುವಾಗ ಜೆಸಿಬಿ ಬೇಡ, ಆಳುಗಳಿಂದ ಇಳಿಸಿ. ಪಕ್ಕದ ಊರಲ್ಲಿ ಹಳೆ ಮನೆ ರಿಪೇರಿ ಮಾಡುತ್ತಿರುವ ಯಾರಿಗಾದರೂ ಅವೇ ಬೇಕಾಗಿರುತ್ತವೆ. ನಮ್ಮ ಮಾಡಿನ ಅರ್ಧ ನಾಡಹೆಂಚು ಬಂದದ್ದು ಹಾಗೆ ಬಿಚ್ಚಿದ ಮೂರು ಮನೆಗಳಿಂದ.